ಖಾಲಿ ಜಾಗ ಕತ್ತರಿಸಿ ಕಳಿಸಬೇಡಿ, ದಯವಿಟ್ಟು

ಹಳೆಯ ಕ್ಯಾಸೆಟ್ಟು, ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡವರು ಸದ್ದು ಶುಚಿ ಮಾಡಿಸಲು ನನ್ನ ಹತ್ತಿರ ಬರುತ್ತಾರೆ. ಅವರಲ್ಲಿ ಬಹಳ ಮಂದಿ ನನಗೆ ಅನುಕೂಲ ಆಗಲಿ ಅಂತ ಒಂದು ಕೆಲಸ ಮುಗಿಸಿಕೊಂಡೇ ಬಂದಿರುತ್ತಾರೆ. ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಇದ್ದ ಖಾಲಿ ಜಾಗವನ್ನೆಲ್ಲ ಕತ್ತರಿಸಿ ಬಿಸಾಕಿರುತ್ತಾರೆ. ಮೊದಲ ಸ್ವರಕ್ಕೆ ಸರಿಯಾಗಿ ಫೈಲ್ ಶುರು, ಕೊನೆಯ ಸ್ವರಕ್ಕೆ ಫೈಲ್ ಬಂದ್. ನೋಡಲು ಅಚ್ಚುಕಟ್ಟು. "ಸಾರ್, ಮುಕ್ಕಾಲು ಕೆಲಸ ನಾನೇ ಮಾಡಿದೀನಿ. ಹಿಂದೆ ಬರೋ ಆ ಸದ್ದೊಂದು ತೆಗೆದುಕೊಟ್ಟರೆ ಸಾಕು" ಅನ್ನುತ್ತಾರೆ.

ಆ ಸದ್ದು ತೆಗೆಯಲು ನನಗೆ ಬೇಕಾಗಿದ್ದೇ ಅವರು ಬಿಸಾಕಿದ ಭಾಗ.

ಇದನ್ನು ಫೋನಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಏನೂ ಇಲ್ಲದ ಜಾಗದಿಂದ ಇವರಿಗೇನು ಉಪಯೋಗ ಅನ್ನಿಸುತ್ತದೆ. ಅದಕ್ಕೇ ಇವತ್ತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾವ ಕೇಬಲ್ ಯಾವ ಸಾಕೆಟ್ಟಿಗೆ, ರೆಕಾರ್ಡ್ ಬಟನ್ ಯಾವುದು ಅನ್ನುವುದೆಲ್ಲ ನಿಮಗೆ ಗೊತ್ತು ಅಂತ ಬಿಟ್ಟುಬಿಡುತ್ತೇನೆ.

ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ. ಅಷ್ಟರಲ್ಲೇ ಎರಡು ಸೈಡು, ಸ್ಟೀರಿಯೋ ಆದರೆ ಪ್ರತಿ ಸೈಡಿಗೂ ಎಡ, ಬಲ ಅಂತ ಎರಡು ಪಟ್ಟಿ. ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. ಇಷ್ಟು ಕಿರಿದಾದ ಪಟ್ಟಿ, ಇಷ್ಟು ನಿಧಾನದ ಓಟ ಅಂದಮೇಲೆ 'ಸ್ಸ್' ಅನ್ನುವ ಹಿಸ್ ಬಂದೇ ಬರುತ್ತದೆ. ಹಾಡು ಜೋರಾಗಿದ್ದಾಗ ಅದು ಕೇಳಿಸುವುದಿಲ್ಲ, ಆದರೆ ಇರುತ್ತದೆ. ಹಾಡು ನಿಂತ ಕಡೆ ಅದೊಂದೇ ಉಳಿಯುತ್ತದೆ. ನಿಮ್ಮ ಕಿವಿಗೆ ಅದು ಖಾಲಿ ಜಾಗ. ನನಗೆ ಅದು ಬೇರೆ ಏನೂ ಬೆರೆಯದ, ಅಪ್ಪಟ ಹಿಸ್ಸಿನ ಮಾದರಿ.

ಹಿಸ್ ತೆಗೆಯುವುದು ಅಂದರೆ ಗಾಜಿನ ಮೇಲಿನ ಧೂಳು ಒರೆಸಿದ ಹಾಗೆ ಅಂತ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಧೂಳು ಬೇರೆ, ಗಾಜು ಬೇರೆ. ಇಲ್ಲಿ ಹಾಡೂ ಹಿಸ್ಸೂ ಒಂದೇ ಅಲೆಯಲ್ಲಿ ಕೂಡಿಹೋಗಿವೆ. ಸಾಮಾನ್ಯವಾಗಿ ಫೈಲಿನಲ್ಲಿ ಪ್ರತಿ ಸೆಕೆಂಡಿಗೆ, ಪ್ರತಿ ಚಾನೆಲ್ಲಿಗೆ 44,100 ಅಂಕಿಗಳಿರುತ್ತವೆ. ಒಂದೊಂದು ಅಂಕಿಯೂ ಹಾಡು, ಹಿಸ್ ಎರಡೂ ಸೇರಿದ ಮೊತ್ತ. ಮೊತ್ತ 10 ಅಂತ ಮಾತ್ರ ತಿಳಿಸಿ, ಯಾವ ಎರಡು ಸಂಖ್ಯೆ ಕೂಡಿಸಿದೆ ಹೇಳು ಅಂದರೆ ಯಾರು ತಾನೇ ಹೇಳಿಯಾರು?

ಆದ್ದರಿಂದ ಸಾಫ್ಟ್‌ವೇರ್ ಒಂದು ಉಪಾಯ ಹೂಡುತ್ತದೆ. ಆಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರ್ ಬಳಸುವವರು 'ಗೆಟ್ ನಾಯ್ಸ್ ಪ್ರೊಫೈಲ್' ಅನ್ನುವ ಬಟನ್ ನೋಡಿರುತ್ತೀರಿ. ಹಾಡಿಲ್ಲದ ಒಂದು ತುಂಡನ್ನು ಆರಿಸಿ ಅದನ್ನು ಒತ್ತಬೇಕು. ಅರ್ಧ ಸೆಕೆಂಡ್ ಸಿಕ್ಕರೂ ನಡೆಯುತ್ತದೆ, ಒಂದೆರಡು ಸೆಕೆಂಡ್ ಸಿಕ್ಕರೆ ಇನ್ನೂ ಒಳ್ಳೆಯದು. ಸಾಫ್ಟ್‌ವೇರ್ ಆ ತುಂಡನ್ನು ತಗ್ಗಿನ ಸ್ವರದಿಂದ ಹೆಚ್ಚಿನ ಸ್ವರದವರೆಗೆ ನೂರಾರು ಸಣ್ಣ ಪಟ್ಟಿಗಳಾಗಿ ಸೀಳುತ್ತದೆ. ಯಾವ ಪಟ್ಟಿಯಲ್ಲಿ ಹಿಸ್ ಎಷ್ಟು ಜೋರಿದೆ ಅಂತ ಅಳೆದು ಇಟ್ಟುಕೊಳ್ಳುತ್ತದೆ. ಆಮೇಲೆ ಇಡೀ ಹಾಡನ್ನು ಅದೇ ಪಟ್ಟಿಗಳಾಗಿ ಸೀಳಿ, ಪ್ರತಿ ಗಳಿಗೆಯಲ್ಲೂ ಒಂದೊಂದು ಪಟ್ಟಿಗೂ ಒಂದೇ ಪ್ರಶ್ನೆ ಕೇಳುತ್ತದೆ: ನೀನು ಆ ಅಳತೆಗಿಂತ ಜೋರಾಗಿದ್ದೀಯಾ? ಜೋರಾಗಿದ್ದರೆ ಮುಟ್ಟುವುದಿಲ್ಲ. ಇಲ್ಲದಿದ್ದರೆ ನೀವು ಹೇಳಿದಷ್ಟು ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ತಗ್ಗಿಸುತ್ತದೆ. ಅಷ್ಟೇ. ಯಾವುದು ಸಂಗೀತ, ಯಾವುದು ಹಿಸ್ ಅನ್ನುವ ವಿವೇಚನೆ ಅದಕ್ಕಿಲ್ಲ. ಅದಕ್ಕೆ ಗೊತ್ತಿರುವುದು ನೀವು ತೋರಿಸಿದ ಆ ತುಂಡು ಮಾತ್ರ.

ಈಗ ಹೇಳಿ, ಆ ತುಂಡನ್ನೇ ಕತ್ತರಿಸಿ ಹಾಕಿದರೆ ನಾನು ಏನನ್ನು ತೋರಿಸಲಿ?

"ಹಾಡಿನೊಳಗೇ ಎಲ್ಲಾದರೂ ಮೆಲ್ಲಗೆ ಇರೋ ಕಡೆ ನೋಡಿ ಸಾರ್" ಅನ್ನುತ್ತಾರೆ. ಮೆಲ್ಲಗೆ ಇರುವುದು ಬೇರೆ, ಇಲ್ಲದಿರುವುದು ಬೇರೆ. ಗಾಯಕರು ಉಸಿರು ತೆಗೆದುಕೊಳ್ಳುವ ಕಡೆ ಮಾದರಿ ತೆಗೆದರೆ ಉಸಿರೂ ಮಾದರಿಯೊಳಗೆ ಸೇರುತ್ತದೆ. ಹಿಂದೆ ತಂಬೂರಿ ನುಡಿಯುತ್ತಿದ್ದರಂತೂ ಮುಗಿದೇಹೋಯಿತು. ಆ ಸಾಫ್ಟ್‌ವೇರ್ ತಂಬೂರಿಯನ್ನೇ ಗದ್ದಲ ಅಂತ ತಿಳಿದು, ಹಾಡಿನುದ್ದಕ್ಕೂ ಅದನ್ನು ಅದುಮುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಶ್ರುತಿಯ ಆಧಾರ ಕಳೆದುಕೊಂಡ ದನಿ. ಕಚೇರಿ ರೆಕಾರ್ಡಿಂಗಿನಲ್ಲಿ ತಂಬೂರಿ ನಿಲ್ಲುವುದೇ ಅಪರೂಪ ಅಲ್ವಾ? ಅಲ್ಲಿ ಮೊದಲ ಸ್ವರಕ್ಕೆ ಮುಂಚೆ, ಟೇಪ್ ಆಗಷ್ಟೇ ಓಡಲು ಶುರುವಾದ ಒಂದೆರಡು ಸೆಕೆಂಡೇ ಗತಿ. ಜನ ಎಲ್ಲಕ್ಕಿಂತ ಮೊದಲು ಕತ್ತರಿಸುವುದೂ ಅದನ್ನೇ.

ಇನ್ನೊಂದು ಕ್ಯಾಸೆಟ್ಟಿನಿಂದ ಹಿಸ್ ಎರವಲು ತರಬಹುದಲ್ಲ ಅಂತ ಕೇಳುವ ಜಾಣರೂ ಇದ್ದಾರೆ. ತರಬಹುದು, ಆದರೆ ಹೊಂದುವುದಿಲ್ಲ. ಟೇಪಿನ ಜಾತಿ ಬೇರೆ, ರೆಕಾರ್ಡ್ ಮಾಡಿದ ಮಟ್ಟ ಬೇರೆ, ಮೈಕಿನ ಸುತ್ತಲಿನ ಗಾಳಿ, ಫ್ಯಾನಿನ ಸದ್ದು ಬೇರೆ. ಒಂದೇ ಕ್ಯಾಸೆಟ್ಟಿನ ಎರಡು ಸೈಡಿಗೂ ನಾನು ಸಾಮಾನ್ಯವಾಗಿ ಬೇರೆ ಬೇರೆ ಮಾದರಿ ತೆಗೆಯುತ್ತೇನೆ.

ಒಬ್ಬರು ಒಂದು ಪೂರ್ತಿ ಸಂಗ್ರಹವನ್ನು ಹೀಗೆ ಕೂದಲೆಳೆಯಷ್ಟೂ ಜಾಗ ಬಿಡದೆ ಕತ್ತರಿಸಿ ತಂದಿದ್ದರು. ಸಾಲದ್ದಕ್ಕೆ ಪ್ರತಿ ಹಾಡಿಗೂ ಬೇರೆ ಬೇರೆಯಾಗಿ, ಸದ್ದನ್ನು ಒಂದು ಗೊತ್ತಾದ ಮಟ್ಟಕ್ಕೆ ತರುವ 'ನಾರ್ಮಲೈಸ್' ಒತ್ತಿದ್ದರು. ಮೆಲ್ಲಗಿದ್ದ ಹಾಡಿನ ಮಟ್ಟ ಏರಿಸಿದಾಗ ಅದರ ಹಿಸ್ಸೂ ಅಷ್ಟೇ ಏರುತ್ತದೆ. ಜೋರಾಗಿದ್ದ ಹಾಡಿನದು ಇದ್ದ ಕಡೆಯೇ ಇರುತ್ತದೆ. ಹಾಗಾಗಿ ಒಂದು ಹಾಡಿನಲ್ಲಿ ಹೇಗೋ ಹಿಸ್ಸಿನ ಚೂರು ಸಿಕ್ಕಿದರೂ ಪಕ್ಕದ ಹಾಡಿಗೆ ಅದು ಬರುವುದಿಲ್ಲ. ಕತ್ತರಿಸಿದ್ದು ಎಲ್ಲಿದೆ ಅಂದೆ. ಡಿಲೀಟ್ ಮಾಡಿದೆ, ಜಾಗ ಉಳಿಯಲಿ ಅಂತ, ಅಂದರು. ಎಷ್ಟು ಜಾಗ? ಸಿಡಿ ಗುಣಮಟ್ಟದ ಸ್ಟೀರಿಯೋ ಫೈಲ್ ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ. 5 ಸೆಕೆಂಡಿನ ಖಾಲಿ ಜಾಗ 1 ಎಂಬಿ ಕೂಡ ಆಗುವುದಿಲ್ಲ. ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಪಾಪ, ಅವರ ಮುಖ ನೋಡಿ ಮುಂದೆ ಬೈಯಲು ಮನಸ್ಸಾಗಲಿಲ್ಲ. ಪುಣ್ಯಕ್ಕೆ ಕ್ಯಾಸೆಟ್ಟುಗಳು ಇನ್ನೂ ಅವರ ಹತ್ತಿರವೇ ಇದ್ದವು. ಮತ್ತೆ ಮೊದಲಿನಿಂದ ಇಳಿಸಿಕೊಂಡೆವು. ಕಂಪ್ಯೂಟರಿಗೆ ಬಂತಲ್ಲ ಅಂತ ಕ್ಯಾಸೆಟ್ ಎಸೆಯುವವರಿಗೆ ಈ ದಾರಿಯೂ ಇರುವುದಿಲ್ಲ.

ಎಂಪಿ3 ಬಗ್ಗೆಯೂ ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಮನುಷ್ಯನ ಕಿವಿಗೆ ಅಷ್ಟಾಗಿ ಗೊತ್ತಾಗದ್ದನ್ನು ಬಿಟ್ಟು ಫೈಲ್ ಚಿಕ್ಕದು ಮಾಡುವುದೇ ಅದರ ಕೆಲಸ. ಸಣ್ಣ ಹಿಸ್ ಅದರ ಕೈಯಲ್ಲಿ ಚಿಂದಿಯಾಗುತ್ತದೆ, ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಒಂದೇ ಸಮ ಇರದ ಹಿಸ್ಸಿನಿಂದ ಮಾದರಿ ತೆಗೆದು ಪ್ರಯೋಜನ ಕಮ್ಮಿ. ಏನನ್ನೂ ಬಿಡದೆ ಉಳಿಸಿಕೊಳ್ಳುವ ವೇವ್ ಅಥವಾ ಫ್ಲ್ಯಾಕ್ ಫೈಲ್ ಕಳಿಸಿ. ಎಂಪಿ3 ಎಲ್ಲ ಮುಗಿದ ಮೇಲೆ ಮಾಡಿಕೊಳ್ಳೋಣ.

ಮಾದರಿ ಚೆನ್ನಾಗಿ ಸಿಕ್ಕ ಮೇಲೂ ಒಂದು ಜಗಳ ಬಾಕಿ ಇರುತ್ತದೆ. "ಹಿಸ್ ಪೂರ್ತಿ ಹೋಗಬೇಕು." ಪೂರ್ತಿ ಹೋಗಬೇಕೆಂದರೆ ಹಾಡಿನ ಒಂದು ಪಾಲೂ ಹೋಗುತ್ತದೆ. ಸ, ಶ, ಷ ಅಕ್ಷರಗಳನ್ನು ಮೆಲ್ಲಗೆ ಹೇಳಿ ನೋಡಿ. ಅವೇ ಒಂದು ಬಗೆಯ ಹಿಸ್. ಮೆಲುದನಿಯ ಗಾಯಕರ ಹಾಡಿನಲ್ಲಿ ಸ್ಲೈಡರ್ ಎಳೆದಷ್ಟೂ ಅವು ಮೊಂಡಾಗುತ್ತವೆ. ಜೊತೆಗೆ ನೀರಿನೊಳಗೆ ಗಂಟೆ ಅಲುಗಿದ ಹಾಗೆ ಗುಳುಗುಳು ಸದ್ದೊಂದು ಹೊಸದಾಗಿ ಹುಟ್ಟುತ್ತದೆ. ಅಳತೆಯ ಅಂಚಿನಲ್ಲಿರುವ ಪಟ್ಟಿಗಳು ಒಂದು ಗಳಿಗೆ ತೆರೆದು ಇನ್ನೊಂದು ಗಳಿಗೆ ಮುಚ್ಚುವುದರಿಂದ ಹುಟ್ಟುವ ಸದ್ದು ಇದು. ಹಿಸ್ಸಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಇದಕ್ಕೆ ಒಗ್ಗುವುದಿಲ್ಲ. ನಾನು ಸಾಮಾನ್ಯವಾಗಿ 6ರಿಂದ 12 ಡೆಸಿಬೆಲ್ ಒಳಗೇ ನಿಲ್ಲುತ್ತೇನೆ. ಇದನ್ನು ಎಲ್ಲ ಟೇಪಿಗೂ ನಿಯಮ ಅಂತ ತಿಳಿಯಬೇಡಿ, ಕೆಲವಕ್ಕೆ 6 ಕೂಡ ಜಾಸ್ತಿ. ಆಡಾಸಿಟಿಯ ಅದೇ ಕಿಟಕಿಯಲ್ಲಿ 'ರೆಸಿಡ್ಯೂ' ಅಂತ ಒಂದು ಆಯ್ಕೆ ಇದೆ. ಅದನ್ನು ಆರಿಸಿದರೆ ತೆಗೆದುಹಾಕುತ್ತಿರುವುದು ಮಾತ್ರ ಕೇಳಿಸುತ್ತದೆ. ಬರೀ ಹಿಸ್ ಕೇಳಿಸಿದರೆ ಸರಿ. ಅದರಲ್ಲಿ ಹಾಡಿನ ಮಾತು ಕೇಳಿಸಿತೋ, ಕೈ ಹಿಂದಕ್ಕೆ ತೆಗೆಯಿರಿ.

ಉಳಿದದ್ದರ ಸರದಿ ಬೇಗ ಹೇಳುತ್ತೇನೆ. ರೆಕಾರ್ಡಿನ ಚಟಪಟ ಮೊದಲು, ಹಿಸ್ ಆಮೇಲೆ. ಹಿಸ್ ಮೊದಲು ತೆಗೆದರೆ ಚಟಪಟದ ಮೊನೆ ಮಸುಕಾಗಿ, ಅದನ್ನು ಹುಡುಕುವ ಸಾಧನಕ್ಕೆ ಸಿಗದೇ ಹೋಗಬಹುದು. ಗುಂಯ್ ಅನ್ನುವ ಕರೆಂಟಿನ ಸದ್ದು ಇದ್ದರೆ ಅದು 50 ಅಥವಾ 60 ಹರ್ಟ್ಸ್ ಮತ್ತು ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಇರುತ್ತದೆ, ಅದಕ್ಕೆ ಆ ಕಂಪನವೊಂದನ್ನೇ ಅದುಮುವ ನಾಚ್ ಫಿಲ್ಟರ್. ಮಟ್ಟ ಏರಿಸುವುದು ಕೊನೆಗೆ, ಅದೂ ಇಡೀ ಸೈಡಿಗೆ ಒಟ್ಟಿಗೆ. ಇಳಿಸುವಾಗಲೇ ಮಟ್ಟ ಮೀರಿ ಅಲೆಯ ತಲೆ ಚಪ್ಪಟೆಯಾಗಿದ್ದರೆ, ಅಥವಾ ಕ್ಯಾಸೆಟ್ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ ಓರೆಯಾಗಿ ದನಿ ಮಂಕಾಗಿದ್ದರೆ, ಸಾಫ್ಟ್‌ವೇರ್ ಸರಿಮಾಡುತ್ತದೆ ಅಂತ ಕಾಯಬೇಡಿ. ಮಟ್ಟ ತಗ್ಗಿಸಿ, ಅಥವಾ ಹೆಡ್ ಸರಿಮಾಡಿಸಿ, ಮತ್ತೆ ಇಳಿಸಿ.

ಇನ್ನು ಇಡೀ ಸೈಡಿನಿಂದ ಹಾಡುಗಳನ್ನು ಒಂದೊಂದಾಗಿ ಬಿಡಿಸುವುದು. ಎಲ್ಲ ಶುಚಿಯಾದ ಮೇಲೆ ಮಾಡಬೇಕಾದದ್ದು ಇದು. ಮೌನ ಹುಡುಕಿ ತಾನೇ ಗುರುತು ಹಾಕುವ ಸೌಲಭ್ಯ ಬಹಳ ಎಡಿಟರುಗಳಲ್ಲಿದೆ. ಹಿಸ್ ಇರುವ ಫೈಲಿನಲ್ಲಿ ಅದಕ್ಕೆ ಮೌನವೇ ಸಿಗುವುದಿಲ್ಲ. ಸಿಗಲಿ ಅಂತ, ಎಷ್ಟು ಸದ್ದಿದ್ದರೆ ಮೌನ ಅನ್ನುವ ಮಿತಿ ಏರಿಸಿದರೆ ಆಲಾಪದ ನಡುವಿನ ನಿಲುಗಡೆಯನ್ನೂ ಹಾಡಿನ ಕೊನೆ ಅನ್ನುತ್ತದೆ.

ನನ್ನ ಹತ್ತಿರ ಬರುವ ನಿವೃತ್ತ ಟೀಚರೊಬ್ಬರಿದ್ದಾರೆ. ಪ್ರತಿ ಕ್ಯಾಸೆಟ್ಟಿನ ಜೊತೆ ಒಂದು ಚೀಟಿ ಇಟ್ಟಿರುತ್ತಾರೆ. ಹಾಡಿನ ಮೊದಲ ಸಾಲು, ರಾಗ, ಎದುರಿಗೆ ಪ್ಲೇಯರಿನ ಕೌಂಟರ್ ಸಂಖ್ಯೆ. ಆ ಸಂಖ್ಯೆಯಿಂದ ನನಗೆ ನಿಮಿಷ ಗೊತ್ತಾಗುವುದಿಲ್ಲ. ಕೌಂಟರ್ ಎಣಿಸುವುದು ಚಕ್ರದ ಸುತ್ತು, ಟೇಪು ಸುತ್ತಿಕೊಂಡ ಹಾಗೆಲ್ಲ ಒಂದೊಂದು ಸುತ್ತಿಗೆ ಹಿಡಿಯುವ ಹೊತ್ತು ಬದಲಾಗುತ್ತದೆ. ಆದರೆ ಈ ಸೈಡಿನಲ್ಲಿ ಹಾಡು 5, ಮೂರನೆಯದು ಉದ್ದ ಅಂತ ಚೀಟಿ ಹೇಳುತ್ತದೆ. ಸಾಫ್ಟ್‌ವೇರ್ 9 ಅಂತ ಗುರುತು ಹಾಕಿದಾಗ ನಾನು ನಂಬುವುದು ಟೀಚರನ್ನೇ. "ನಡುವೆ ಕೆಮ್ಮಿದ್ದು ನಾನೇ, ಅದನ್ನು ತೆಗೆಯಿರಿ" ಅಂತ ಒಂದು ಚೀಟಿಯ ಕೆಳಗೆ ಬರೆದಿದ್ದರು. ಕೆಮ್ಮು ಮೃದಂಗದ ಪೆಟ್ಟಿನ ಮೇಲೇ ಬಿದ್ದಿತ್ತು. ಹಾಗೇ ಬಿಟ್ಟೆ.

ಕೈಯಲ್ಲೇ ಬಿಡಿಸುವುದಾದರೆ ಪ್ರತಿ ಹಾಡಿನ ಶುರುವಿನಲ್ಲಿ ಕಂಟ್ರೋಲ್ ಬಿ ಒತ್ತಿ ಲೇಬಲ್ ಹಾಕಿ, ಹೆಸರು ಬರೆದು, ಎಲ್ಲವನ್ನೂ ಒಟ್ಟಿಗೆ ಬೇರೆ ಬೇರೆ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಮೊದಲ ಸ್ವರಕ್ಕೆ ಅರ್ಧ ಸೆಕೆಂಡ್ ಮುಂಚೆ ಗುರುತು ಇರಲಿ. ಕೊನೆಯ ಸ್ವರದ ಅನುರಣನ ಹಿಸ್ಸಿನೊಳಗೆ ಕರಗುವವರೆಗೆ ಕಾಯಿರಿ, ಆಮೇಲೆ ಒಂದೆರಡು ಸೆಕೆಂಡಿನಲ್ಲಿ ಸದ್ದು ಮೆಲ್ಲಗೆ ಇಳಿಯುವ ಫೇಡ್ ಕೊಡಿ. ಹಾಡುಗಳ ನಡುವೆ ಅಪ್ಪಟ ಶೂನ್ಯ ತುಂಬಬೇಡಿ. ಹಿಸ್ ದಿಢೀರನೆ ನಿಂತಾಗಲೇ ಇಷ್ಟು ಹೊತ್ತು ಅದು ಇತ್ತು ಅಂತ ಕಿವಿಗೆ ಹೊಳೆಯುವುದು.

ಸಿಡಿಗೆ ಬರೆಯುವವರಿಗೆ ಮಾತ್ರ ಇನ್ನೊಂದು ವಿಷಯ. ಸಿಡಿಯಲ್ಲಿ ಒಂದು ಸೆಕೆಂಡನ್ನು 75 ಫ್ರೇಮುಗಳಾಗಿ ಹಂಚಿರುತ್ತಾರೆ, ಪ್ರತಿ ಚಾನೆಲ್ಲಿಗೆ ಫ್ರೇಮಿಗೆ 588 ಸ್ಯಾಂಪಲ್, ಅಂದರೆ ಆಗಲೇ ಹೇಳಿದ ಅಂಕಿಗಳು. ನಿಮ್ಮ ಗುರುತು ಫ್ರೇಮಿನ ನಡುವೆ ಬಿದ್ದರೆ ಉಳಿದ ಜಾಗಕ್ಕೆ ಶೂನ್ಯ ತುಂಬಿ ಬರೆಯಲಾಗುತ್ತದೆ. ಚಪ್ಪಾಳೆ ನಿಲ್ಲದೆ ಮುಂದಿನ ಹಾಡಿಗೆ ಸಾಗುವ ಕಚೇರಿಯಲ್ಲಿ ಅದು ಟಕ್ ಅಂತ ಕೇಳಿಸಬಹುದು. ಆಡಾಸಿಟಿಯಲ್ಲಿ ಗುರುತನ್ನು ಗೊತ್ತಾದ ಜಾಗಕ್ಕೇ ಕೂರಿಸುವ 'ಸ್ನ್ಯಾಪ್' ಆಯ್ಕೆಯನ್ನು ಸಿಡಿ ಫ್ರೇಮಿಗೆ ಇಟ್ಟುಕೊಂಡು ಲೇಬಲ್ ಹಾಕಿದರೆ ಈ ತೊಂದರೆ ಬರುವುದಿಲ್ಲ. ಬರೀ ಫೋನಿನಲ್ಲಿ ಕೇಳುವವರು ಇದನ್ನು ಬಿಟ್ಟುಬಿಡಬಹುದು.