ಹೊಡೆದರೂ ಸಾಯದ ಧಣಿಗಳು

ಕಾಸರಗೋಡು ಕಡೆಯ ನೀರ್ಚಾಲಿನ ಅಣ್ಣನ ಮನೆಗೆ ಹೋದಾಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಒಳಗೆ ಅವನ ಮಗ ಲ್ಯಾಪ್‌ಟಾಪಿನಲ್ಲಿ ಒಬ್ಬ ಹೆಂಗಸಿಗೆ ಕತ್ತಿಯಿಂದ ಹೊಡೆಯುತ್ತಿದ್ದ. ಅವಳು ಮೊಣಕಾಲೂರಿ ಕೂತಳು, ಸ್ವಲ್ಪ ಹೊತ್ತಿಗೆ ಎದ್ದಳು. ಇವನು ಮತ್ತೆ ಹೊಡೆದ, ಅವಳು ಮತ್ತೆ ಎದ್ದಳು. ಅಷ್ಟರಲ್ಲಿ ಕಾವಲಿನವನು ಓಡಿಬಂದು ದಂಡ ಕೇಳಿದ, 40 ಹೊನ್ನು. "ಅವಳು ಸಾಯುವವಳಲ್ಲ ಮಾರಾಯ, ಧಣಿ" ಎಂದ ಪಕ್ಕದಲ್ಲಿ ಕೂತಿದ್ದ ಗೆಳೆಯ.

ಆ ಹೆಂಗಸು ಸ್ಕೈರಿಮ್ ಎಂಬ ಕಂಪ್ಯೂಟರ್ ಆಟದ ಮ್ಯಾವೆನ್ ಬ್ಲ್ಯಾಕ್-ಬ್ರಯರ್. ಅವಳು ಕೆಟ್ಟವಳಾ, ಅಥವಾ ಊರು ನಡೆಸುವವರೆಲ್ಲ ಹೀಗೇನಾ? ಆಟ ಬಂದ 2011ರಿಂದ ಈ ಜಗಳ ಮುಗಿದಿಲ್ಲ. ಇದರ ಬೇರು ಮಾತ್ರ ಇನ್ನೂ ಹಿಂದಿದೆ.

ಮೊದಲು ಲೆಕ್ಕ ಸುಲಭ ಇತ್ತು. 1974ರ ಡಂಜನ್ಸ್ ಆಂಡ್ ಡ್ರಾಗನ್ಸ್ ಕಾಗದ-ಪೆನ್ಸಿಲಿನ ಆಟ. ಅದರಲ್ಲಿ ಪ್ರತಿ ಪಾತ್ರದ ಪಕ್ಷ ಮೊದಲೇ ಬರೆದಿಟ್ಟಿರುತ್ತಿತ್ತು: ಕಟ್ಟಳೆಯ ಕಡೆ, ಗೊಂದಲದ ಕಡೆ, ಇಲ್ಲವೇ ನಡುವೆ. 1985ರ ಕಂಪ್ಯೂಟರ್ ಆಟ ಅಲ್ಟಿಮಾ 4ರಲ್ಲಿ ಕೊನೆಗೆ ಕೊಲ್ಲಲು ರಾಕ್ಷಸನೇ ಇರಲಿಲ್ಲ, ಎಂಟು ಸದ್ಗುಣ ಸಾಧಿಸಿದರೆ ಆಯಿತು. ಮೂರು ವರ್ಷ ಬಿಟ್ಟು ಬಂದ ಅಲ್ಟಿಮಾ 5ರಲ್ಲಿ ಬ್ಲ್ಯಾಕ್‌ಥಾರ್ನ್ ಎಂಬ ದೊರೆ ಅದೇ ಸದ್ಗುಣಗಳನ್ನು ಕಾನೂನು ಮಾಡಿಬಿಟ್ಟ. ಆದಾಯದಲ್ಲಿ ಅರ್ಧ ದಾನ ಕೊಡು, ಇಲ್ಲದಿದ್ದರೆ ನಿನಗೆ ಆದಾಯವೇ ಇಲ್ಲ! ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಆಟಗಳ ದೊರೆಗಳು ಬಣ್ಣ ಬದಲಾಯಿಸುತ್ತ ಬಂದರು.

2009ರ ಡ್ರಾಗನ್ ಏಜ್: ಆರಿಜಿನ್ಸ್‌ನಲ್ಲಿ ಕುಳ್ಳರ ನೆಲದಡಿಯ ಊರು ಒರ್ಜಮಾರ್. ರಾಜ ಸತ್ತಿದ್ದಾನೆ, ಪಟ್ಟಕ್ಕೆ ಇಬ್ಬರು. ಹ್ಯಾರೋಮಾಂಟ್ ಮಾತಿಗೆ ತಪ್ಪದ ಮುದುಕ. ಬೇಲೆನ್ ಸ್ವಂತ ಅಣ್ಣನ ಜೀವ ತೆಗೆಸಿದವನು. ಯಾರನ್ನು ಕೂರಿಸಬೇಕೆಂಬುದು ನಮ್ಮ ಕೈಯಲ್ಲಿ. ಮರ್ಯಾದಸ್ಥನನ್ನು ಕೂರಿಸಿದರೆ ಜಾತಿಯ ಕಟ್ಟು ಇನ್ನೂ ಬಿಗಿಯಾಗುತ್ತದೆ, ಊರಿನ ಬಾಗಿಲು ಮುಚ್ಚುತ್ತದೆ. ಕೊಲೆಗಾರನನ್ನು ಕೂರಿಸಿದರೆ ಜಾತಿಯಿಲ್ಲದವರಿಗೆ ಒಂದಿಷ್ಟು ಹಕ್ಕು, ಹೊರಗಿನವರ ಜೊತೆ ವ್ಯಾಪಾರ. ಜೊತೆಗೆ ಕುಲೀನರ ಸಭೆಯನ್ನೂ ಮುಚ್ಚಿಸುತ್ತಾನೆ. ಇದೆಲ್ಲ ಗೊತ್ತಾಗುವುದು ಆಟ ಮುಗಿದ ಮೇಲೆ ಬರುವ ನಾಲ್ಕು ಸಾಲಿನಲ್ಲಿ.

ಮರುವರ್ಷ ಫೇಬಲ್ 3 ಆಟಗಾರನನ್ನೇ ರಾಜ ಮಾಡಿತು. ಶತ್ರು ಬರುವ ಮೊದಲು ಖಜಾನೆಯಲ್ಲಿ 65 ಲಕ್ಷ ಹೊನ್ನು ಇರಬೇಕು, ಎಷ್ಟು ಕಡಿಮೆಯೋ ಅಷ್ಟು ಪ್ರಜೆಗಳು ಸಾಯುತ್ತಾರೆ. ಕೊಟ್ಟ ಮಾತು ಉಳಿಸಿಕೊಂಡರೆ ಹಣ ಖಾಲಿ. ಆಗ ಬಹಳ ಜನ ಏನು ಮಾಡಿದರು ಗೊತ್ತಾ? ಊರಿನ ಮನೆಗಳನ್ನೆಲ್ಲ ಕೊಂಡುಕೊಂಡು ಬಾಡಿಗೆ ವಸೂಲಿಗೆ ಕೂತರು. ನಾನೂ ಕೂತಿದ್ದೆ. ಬಾಡಿಗೆ ಏರಿಸುವಾಗ ಕೈ ನಡುಗಲೇ ಇಲ್ಲ.

ಆದರೆ ಜಾಸ್ತಿ ಮಾತಾಗಬೇಕಾದದ್ದು ಸ್ಕೈರಿಮ್ ಬಗ್ಗೆ. ಮ್ಯಾವೆನ್ ರಿಫ್ಟನ್ ಊರಿನಲ್ಲಿ ಜೇನಿನ ಮದ್ಯ ಮಾಡಿ ಮಾರುವವಳು. ಕಳ್ಳರ ಸಂಘಕ್ಕೆ ಅವಳದೇ ಆಸರೆ, ಸಂಘ ಅವಳ ಕೆಲಸಕ್ಕೆ. ವೈಟ್‌ರನ್ ಹತ್ತಿರ ಪೈಪೋಟಿಗೆ ಇನ್ನೊಂದು ಮದ್ಯದ ಭಟ್ಟಿ ಇದೆ. ಹೆಗ್ಗಣ ಕೊಲ್ಲುವವನ ಹಾಗೆ ನಾವು ಅದರೊಳಗೆ ಹೋಗುತ್ತೇವೆ, ಹಂಡೆಗೆ ವಿಷ ಬೆರೆಸುತ್ತೇವೆ. ಕಾವಲಿನ ದಳಪತಿ ರುಚಿ ನೋಡುತ್ತಾನೆ, ಮಾಲೀಕ ಜೈಲಿಗೆ, ಭಟ್ಟಿ ಮ್ಯಾವೆನ್ ಕೈಗೆ. ಅವಳು ಬೆರಳು ಕೂಡ ಅಲ್ಲಾಡಿಸಿಲ್ಲ. ಮಾಡಿದವರು ನಾವೇ, ಸಂಬಳಕ್ಕೆ.

ಆಚೆ ಮಾರ್ಕರ್ತ್‌ನಲ್ಲಿ ಸಿಲ್ವರ್-ಬ್ಲಡ್ ಮನೆತನ. ಸಿಡ್ನಾ ಎಂಬ ಬೆಳ್ಳಿ ಗಣಿ ಅವರದು, ಅದೇ ಊರಿನ ಜೈಲು. ಕೈದಿಗಳು ಬೆಳ್ಳಿ ತೆಗೆಯುತ್ತಾರೆ. ಬಂಡಾಯದ ನಾಯಕ ಮದನಾಚ್‌ನನ್ನು ಥೋನರ್ ಸಿಲ್ವರ್-ಬ್ಲಡ್ ಅದರೊಳಗೆ ಜೀವಂತ ಇಟ್ಟಿದ್ದಾನೆ, ಬೇಕಾದಾಗ ಬೇಕಾದವರ ಮೇಲೆ ಬಂಡುಕೋರರನ್ನು ಛೂ ಬಿಡಲಿಕ್ಕೆ.

ಈಗ ಗಮ್ಮತ್ತು ನೋಡಿ. ನಾಡಿನಲ್ಲಿ ಯುದ್ಧ, ಸಾಮ್ರಾಜ್ಯ ಒಂದು ಕಡೆ, ಮದನಾಚ್‌ನವರಲ್ಲದ ಬೇರೆ ಬಂಡಾಯಗಾರರಾದ ಸ್ಟಾರ್ಮ್‌ಕ್ಲೋಕ್‌ಗಳು ಇನ್ನೊಂದು ಕಡೆ. ಸಾಮ್ರಾಜ್ಯ ಗೆದ್ದರೆ ರಿಫ್ಟನ್ ಗಾದಿಗೆ ಮ್ಯಾವೆನ್. ಸ್ಟಾರ್ಮ್‌ಕ್ಲೋಕ್ ಗೆದ್ದರೆ ಮಾರ್ಕರ್ತ್ ಗಾದಿಗೆ ಥೋನರ್‌ನ ಒಡಹುಟ್ಟಿದ ಥಾಂಗ್ವೋರ್. ಧರ್ಮ, ದೇಶ, ದೇವರು ಎಂದು ನಾವು ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು ಪಕ್ಷ ಆರಿಸುತ್ತೇವೆ. ಕೊನೆಗೆ ಆರಿಸಿದ್ದು ಯಾವ ಧಣಿ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ, ಅಲ್ವಾ?

ಧಣಿ ಎಂಬ ಮಾತು ನಮ್ಮ ಕಡೆ ಸುಮ್ನೆ ಬಾಯಿಗೆ ಬರುವುದಲ್ಲ. ಕೇರಳದಲ್ಲಿ ಜನ್ಮಿ, ಅಂದರೆ ಜಮೀನ್ದಾರಿ, ಪದ್ಧತಿ ಕಾನೂನಿನ ಪ್ರಕಾರ ಮುಗಿದದ್ದು 1970ರ ಜನವರಿ 1ಕ್ಕೆ. ಕಾಸರಗೋಡು ಅಷ್ಟೊತ್ತಿಗೆ ಕೇರಳಕ್ಕೆ ಸೇರಿ ಹದಿಮೂರು ವರ್ಷ ದಾಟಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಒಲೆ ಆರಿದಾಗ ಅಕ್ಕಿ ಅಳೆದು ಕೊಟ್ಟವರನ್ನು ನನ್ನ ಅಜ್ಜಿ ಕೊನೆಯವರೆಗೂ ನೆನೆಯುತ್ತಿದ್ದರು. ಕೊಡುವಾಗಿನ ಸೇರು ಬೇರೆ, ಗೇಣಿಗೆ ಅಳೆಯುವಾಗಿನ ಸೇರು ಬೇರೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಿದ್ದರು. ಎರಡೂ ನಿಜ. ಅವರಿಗೆ ಅದರಲ್ಲಿ ಗೊಂದಲವೇ ಇರಲಿಲ್ಲ.

ಎರಡು ಮುಖದ ಪಾತ್ರ ನಮಗೆ ಹೊಸತೂ ಅಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳನ್ನು ಇಟ್ಟುಕೊಂಡು ಇಲ್ಲಿ ರಾತ್ರಿಯಿಡೀ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇನ್ನೂ ಇದ್ದಾರೆ. ಬಾಣ ತಾಗಿ ಬಿದ್ದ ವಾಲಿ ರಾಮನಿಗೇ ಪ್ರಶ್ನೆ ಹಾಕುತ್ತಾನೆ. ಆದರೆ ಎದುರಿಗೆ ರಾಮನ ಅರ್ಥಧಾರಿ ಕೂತಿರುತ್ತಾನೆ, ಉತ್ತರ ಕೊಡುವ ಸರದಿ ಅವನದು. ಆಟಗಳಲ್ಲಿ ಸಿರಿವಂತನ ಪರ ವಾದ ಬಹಳ ಚಂದ ಬರೆದಿರುತ್ತಾರೆ. ಎದುರು ಕೂರುವವನಿಗೆ ಮಾತು ಕೊಡುವುದು ಅಪರೂಪ.

2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಗೋರ್ಟಾಶ್ ಚಪ್ಪಲಿ ಹೊಲಿಯುವವರ ಮಗ, ಚಿಕ್ಕಂದಿನಲ್ಲಿ ಹೆತ್ತವರೇ ಮಾರಿದವನು. ದೊಡ್ಡವನಾಗಿ ಆಯುಧ ಮಾರಿ, ಊರಿನ ಗಾದಿ ಹಿಡಿದು, ಬೀದಿಗೆ ಕಬ್ಬಿಣದ ಕಾವಲುಗಾರರನ್ನು ಬಿಟ್ಟ. ಅವನ ಬಾಲ್ಯ ಕೇಳಿ ಕರಗಿದವರು ತುಂಬ ಜನ. ಆ ಕಬ್ಬಿಣದ ಕಾವಲುಗಾರರನ್ನು ಮಾಡಿಕೊಟ್ಟ ಗೋಂಡಿಯನ್ನರೆಂಬ ಕಸುಬುದಾರರ ಮನೆಯವರು ನೀರಿನಡಿಯ ಜೈಲಿನಲ್ಲಿ ಒತ್ತೆಯಿದ್ದಾರೆ. ಪಾಪ, ಅವರ ಬಾಲ್ಯದ ಬಗ್ಗೆ ಯಾರೂ ಕೇಳುವುದಿಲ್ಲ.

ಅಣ್ಣನ ಮಗನ ಪಾತ್ರದ ಕೈಯಲ್ಲಿ ಸಿಲ್ವರ್-ಬ್ಲಡ್ ಉಂಗುರ ಇತ್ತು. ಗಣಿಯಲ್ಲಿ ಮದನಾಚ್‌ನನ್ನು ಕೊಂದರೆ ಥೋನರ್ ಕೊಡುವ ಇನಾಮು ಅದು. "ಬ್ರೇಗ್ ಏನು ಹೇಳಿದ?" ಎಂದು ಕೇಳಿದೆ.

"ಯಾವ ಬ್ರೇಗ್?"

ಮದನಾಚ್‌ನ ಜೊತೆ ತಪ್ಪಿಸಿಕೊಳ್ಳಬೇಕಾದರೆ ಅವನು ಮೊದಲು ಒಂದು ಕೆಲಸ ಹೇಳುತ್ತಾನೆ: ಹೋಗಿ ಬ್ರೇಗ್‌ನ ಕಥೆ ಕೇಳಿ ಬಾ. ಬ್ರೇಗ್ ಒಬ್ಬ ಮಾಮೂಲಿ ಕೈದಿ. ಮದನಾಚ್ ಜೊತೆ ಒಂದೇ ಒಂದು ಸಲ ಮಾತಾಡಿದ್ದಕ್ಕೆ ಹಿಡಿದದ್ದು. ಅಪ್ಪನ ಬದಲು ತನ್ನನ್ನು ತೆಗೆದುಕೊಳ್ಳಿ ಎಂದು ಮಗಳು ಬೇಡಿಕೊಂಡಳು. ಅವಳ ತಲೆ ಉರುಳಿಸಿದ್ದನ್ನು ಅವನಿಗೆ ತೋರಿಸಿ, ಆಮೇಲೆ ಅವನನ್ನೂ ಗಣಿಗೆ ಹಾಕಿದರು. ಇದ್ದಿದ್ದರೆ ಈ ವರ್ಷ ಅವಳಿಗೆ 23. ಇವನು ನೇರ ಮದನಾಚ್‌ಗೆ ಕತ್ತಿ ಹಾಕಿದ್ದರಿಂದ ಈ ಮಾತು ಇವನ ಕಿವಿಗೆ ಬಿದ್ದೇ ಇರಲಿಲ್ಲ.

ಅವನು ಆಟವನ್ನು ಉಳಿಸಿಟ್ಟಿದ್ದ ಹಳೆಯ ಸೇವ್‌ಗಳನ್ನು ಕೆದಕಿದ. ಗಣಿಗೆ ಇಳಿಯುವ ಮುಂಚಿನದೊಂದು ಸಿಕ್ಕಿತು.