ಡಮ್ಮಿ ಲೋಡ್ ಸರಿಯಿದ್ದರೂ ರಿಫ್ಲೆಕ್ಟೆಡ್ ಮುಳ್ಳು ಏಕೆ ಏಳುತ್ತದೆ?

ಪ್ರಶ್ನೆ: ಎರಡು ಎಫ್‌ಟಿ-82-43 ಟೊರಾಯ್ಡ್‌ಗಳ (ಫೆರೈಟ್ ಉಂಗುರಗಳ) ಮೇಲೆ ತಲಾ 20 ಸುತ್ತು ಸುತ್ತಿ, ನನ್ನ ಹ್ಯಾಮ್ ರೇಡಿಯೊಗೆಂದು ಮನೆಯಲ್ಲೇ ಡೈರೆಕ್ಷನಲ್ ಕಪ್ಲರ್ (ಅಂಟೆನಾ ಕಡೆಗೆ ಹೋಗುವ ಮತ್ತು ಅಲ್ಲಿಂದ ಹಿಂದಿರುಗುವ ಶಕ್ತಿಯನ್ನು ಬೇರೆಬೇರೆಯಾಗಿ ಅಳೆಯಲು ನೆರವಾಗುವ ಸಾಧನ) ಕಟ್ಟಿದ್ದೇನೆ. ಅಂಟೆನಾ ಬದಲು ಶಕ್ತಿಯನ್ನೆಲ್ಲ ಹೀರಿಕೊಳ್ಳುವ 50 ಓಮ್ ಡಮ್ಮಿ ಲೋಡ್ ಜೋಡಿಸಿದಾಗಲೂ ಹಿಂದಿರುಗುವ (ರಿಫ್ಲೆಕ್ಟೆಡ್) ಶಕ್ತಿಯ ಮುಳ್ಳು ಏಳುತ್ತದೆ, ಮೀಟರ್ ಎಸ್‌ಡಬ್ಲ್ಯುಆರ್ (ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆ, ಏನೂ ಹಿಂದಿರುಗದಿದ್ದರೆ 1) 1.2 ಎಂದೇ ತೋರಿಸುತ್ತದೆ. ಸುತ್ತು ಹೆಚ್ಚಿಸಿದರೆ ಸರಿಹೋದೀತೆ? (ಮಂಡ್ಯದ ಓದುಗರೊಬ್ಬರು)

ಉತ್ತರ: ಸುತ್ತು ಹೆಚ್ಚಿಸುವುದರಿಂದ ಈ ತೊಂದರೆ ನೀಗುವುದಿಲ್ಲ. ಲೈನಿನಲ್ಲಿ ಹರಿಯುವ ಶಕ್ತಿಯಲ್ಲಿ ಎಷ್ಟು ಭಾಗವನ್ನು ಮೀಟರಿಗೆ ಎತ್ತಿಕೊಡಬೇಕು ಎಂಬುದನ್ನು ಮುಖ್ಯವಾಗಿ ಸುತ್ತುಗಳ ಸಂಖ್ಯೆ ನಿರ್ಧರಿಸುತ್ತದೆ. 10 ಸುತ್ತಿದ್ದರೆ ಕಪ್ಲಿಂಗ್ (ಈ ಭಾಗದ ಅಳತೆ) 20 ಡೆಸಿಬೆಲ್ ಆಗುತ್ತದೆ. ಅಂದರೆ 100 ವ್ಯಾಟ್ ಹರಿಯುವಾಗ ಫಾರ್ವರ್ಡ್ ಪೋರ್ಟಿನಲ್ಲಿ (ಮುಂದಕ್ಕೆ ಹೋಗುವ ಶಕ್ತಿಯ ಮಾದರಿ ಹೊರಬರುವ ಕಡೆ) 1 ವ್ಯಾಟ್ ಸಿಗುತ್ತದೆ. ನಿಮ್ಮಂತೆ 20 ಸುತ್ತು ಹಾಕಿದರೆ 26 ಡೆಸಿಬೆಲ್, ಅಂದರೆ ಕಾಲು ವ್ಯಾಟ್. ನಿಮ್ಮ ಕಪ್ಲರ್‌ನಲ್ಲಿ ಕೊರತೆಯಿರುವುದು ಡೈರೆಕ್ಟಿವಿಟಿಯಲ್ಲಿ: ಮುಂದಕ್ಕೆ ಹೋಗುವ ಅಲೆಯನ್ನು ಹಿಂದಿರುಗುವ ಅಲೆಯಿಂದ ಎಷ್ಟು ಚೊಕ್ಕವಾಗಿ ಬೇರ್ಪಡಿಸಬಲ್ಲುದು ಎಂಬ ಗುಣದಲ್ಲಿ. ಮನೆಯಲ್ಲಿ ಕಟ್ಟಿದ ಕಪ್ಲರಿನ ಬೆಲೆಯನ್ನು ನಾನು ಅಳೆಯುವುದು ಇದೊಂದರಿಂದಲೇ.

ನೀವು ಕಟ್ಟಿರುವ ವಿನ್ಯಾಸಕ್ಕೆ ಸಾಂಥೈಮರ್ ಮತ್ತು ಫ್ರೆಡ್ರಿಕ್ ಎಂಬುವರು 1969ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1987ರ ನಂತರ ಅದು ಟ್ಯಾಂಡೆಮ್ ಮ್ಯಾಚ್ ಎಂಬ ಹೆಸರಿನಲ್ಲಿ ಹವ್ಯಾಸಿಗಳ ನಡುವೆ ಹರಡಿತು. ಇದರಲ್ಲಿ ಒಂದು ಟೊರಾಯ್ಡ್ ಲೈನಿನ ಕರೆಂಟಿನ ಮಾದರಿಯನ್ನೂ ಇನ್ನೊಂದು ಲೈನಿನ ವೋಲ್ಟೇಜಿನ ಮಾದರಿಯನ್ನೂ ತೆಗೆಯುತ್ತವೆ. ಒಂದು ಪೋರ್ಟಿನಲ್ಲಿ ಈ ಎರಡೂ ಮಾದರಿಗಳು ಕೂಡಿಕೊಳ್ಳುತ್ತವೆ, ಇನ್ನೊಂದರಲ್ಲಿ ಒಂದನ್ನೊಂದು ಕಳೆಯುತ್ತವೆ. ಲೋಡ್ ಸರಿಯಾಗಿ 50 ಓಮ್ ಇದ್ದಾಗ ಕಳೆದುಳಿಯುವುದು ಸೊನ್ನೆಯಾಗಬೇಕಾದರೆ ಎರಡೂ ಮಾದರಿಗಳು ಗಾತ್ರದಲ್ಲಿಯೂ ಫೇಸ್‌ನಲ್ಲಿಯೂ ಕರಾರುವಾಕ್ಕಾಗಿ ಸಮವಾಗಿರಬೇಕು. ಡೈರೆಕ್ಟಿವಿಟಿ 20 ಡೆಸಿಬೆಲ್ ಮಾತ್ರ ಇದ್ದರೆ ಫಾರ್ವರ್ಡ್ ವೋಲ್ಟೇಜಿನ ಹತ್ತನೆಯ ಒಂದು ಭಾಗ ರಿಫ್ಲೆಕ್ಟೆಡ್ ಕಡೆಯಲ್ಲಿ ಉಳಿದುಬಿಡುತ್ತದೆ, ಮೀಟರ್ 1.22 ಎಂದು ಓದುತ್ತದೆ. ನಿಮ್ಮ 1.2 ಬಂದಿರುವುದು ಬಹುತೇಕ ಹೀಗೆಯೇ. 30 ಡೆಸಿಬೆಲ್ ತಲುಪಿದರೆ ಇದೇ ಲೋಡಿಗೆ 1.07ಕ್ಕಿಂತ ಹೆಚ್ಚು ತೋರಿಸದು. ಅಂಟೆನಾ ಜೋಡಿಸಿದಾಗ ಈ ಕೊರತೆ ಇನ್ನೂ ದಾರಿ ತಪ್ಪಿಸುತ್ತದೆ: ನಿಜವಾದ ಎಸ್‌ಡಬ್ಲ್ಯುಆರ್ 1.5 ಇದ್ದರೂ, 20 ಡೆಸಿಬೆಲ್ ಕಪ್ಲರ್ ಅದನ್ನು 1.2ರಿಂದ 1.9ರ ತನಕ ಎಲ್ಲಿ ಬೇಕಾದರೂ ತೋರಿಸೀತು.

ಸಮತೋಲ ಕೆಡುವುದು ಸಾಮಾನ್ಯವಾಗಿ ಕಟ್ಟಣೆಯಲ್ಲಿ. ಮೊದಲು ಎರಡೂ ಪೋರ್ಟುಗಳ ಅಂತ್ಯದ ರೆಸಿಸ್ಟರ್‌ಗಳನ್ನು ನೋಡಿ. 51 ಓಮಿನ ಒಂದರ ಬದಲು ಶೇಕಡ 1ರ ನಿಖರತೆಯ ಎರಡು 100 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಸಮಾಂತರವಾಗಿ, ಕಾಲುಗಳನ್ನು ಆದಷ್ಟು ಗಿಡ್ಡ ಮಾಡಿ ಬೆಸೆಯಿರಿ. ತಂತಿ ಸುತ್ತಿದ ರೆಸಿಸ್ಟರ್ ಸ್ವತಃ ಒಂದು ಕಾಯಿಲ್ ಆಗಿರುವುದರಿಂದ ಇಲ್ಲಿ ಬೇಡವೇ ಬೇಡ. ನಂತರ ಕೋರಿನ (ಟೊರಾಯ್ಡ್ ಉಂಗುರದ) ಮಧ್ಯೆ ಹಾಯುವ ಕೋಯಾಕ್ಸ್ (ಒಳತಂತಿಯ ಸುತ್ತ ಲೋಹದ ಜಾಲರಿಯಿರುವ ಕೇಬಲ್) ತುಂಡನ್ನು ಗಮನಿಸಿ. ಅದರ ಜಾಲರಿಯನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿರಬೇಕು. ಎರಡೂ ತುದಿಗಳನ್ನು ಬೆಸೆದುಬಿಟ್ಟರೆ ಜಾಲರಿಯೇ ಕೋರಿನ ಸುತ್ತ ಶಾರ್ಟ್ ಆದ ಒಂದು ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಕೆಲಸವನ್ನೇ ಕೆಡಿಸುತ್ತದೆ. ಕೇಬಲ್ ಟಿವಿಯ ಕೋಯಾಕ್ಸನ್ನು ಇದಕ್ಕೆ ಬಳಸದಿರುವುದು ಒಳ್ಳೆಯದು, ಏಕೆಂದರೆ ಅದರ ಜಾಲರಿ ಬಹುತೇಕ ಅಲ್ಯೂಮಿನಿಯಂನದು, ಬೆಸುಗೆ ಹಿಡಿಯುವುದಿಲ್ಲ. ಆರ್‌ಜಿ-58 ಆದೀತು, ಆದರೆ ಕಾಯಿಸುವಾಗ ಅದರ ಒಳಗಿನ ಪಾಲಿಥಿನ್ ಬೇಗ ಕರಗುವುದರಿಂದ ಟೆಫ್ಲಾನ್ ನಿರೋಧಕವಿರುವ ಆರ್‌ಜಿ-142 ಉತ್ತಮ.

ಎರಡು ಟೊರಾಯ್ಡ್‌ಗಳ ನಡುವೆ ಲೋಹದ ಗೋಡೆಯಿರಲಿ. ತಾಮ್ರದ ಲೇಪವಿರುವ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಹಾಳೆಯನ್ನು ಕತ್ತರಿಸಿ, ಅಂಚುಗಳನ್ನು ಉದ್ದಕ್ಕೂ ಬೆಸೆದು ಎರಡು ಕೋಣೆಗಳ ಪೆಟ್ಟಿಗೆ ಮಾಡಿಕೊಂಡರೆ ಗೋಡೆ ಮತ್ತು ಗ್ರೌಂಡ್ ಎರಡೂ ಒಟ್ಟಿಗೆ ಸಿಗುತ್ತವೆ. ಸುತ್ತುಗಳು ಕೋರಿನ ಮುಕ್ಕಾಲು ಪರಿಧಿಯ ಮೇಲೆ ಸಮನಾಗಿ ಹರಡಿರಬೇಕು, ಎರಡೂ ಕೋರುಗಳಲ್ಲಿ ಒಂದೇ ರೀತಿ ಇರಬೇಕು. ತಂತಿಯ ಚಿಂತೆ ಮಂಡ್ಯದವರಿಗೆ ಬೇಡ: ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿದರೆ 24 ಗೇಜಿನ ಎನಾಮಲ್ ತಂತಿ ಒಂದೆರಡು ಮೀಟರ್ ಸಿಕ್ಕೀತು. ಕೋರಿನಲ್ಲಿ ಮಾತ್ರ ರಾಜಿ ಸಲ್ಲದು. ಹಳೆಯ ಕಂಪ್ಯೂಟರ್ ಪವರ್ ಸಪ್ಲೈಯಿಂದ ಕಿತ್ತ ಹಳದಿ-ಬಿಳಿ ಬಣ್ಣದ ಉಂಗುರಗಳು ಕಬ್ಬಿಣದ ಪುಡಿಯವು. ಈ ತರಂಗಾಂತರಗಳಲ್ಲಿ ಅವುಗಳಲ್ಲಿ ನಷ್ಟ ಹೆಚ್ಚು.

ದೋಷ ಎಲ್ಲಿದೆಯೆಂದು ತಿಳಿಯಲು ಬ್ಯಾಂಡಿನಿಂದ ಬ್ಯಾಂಡಿಗೆ ಹೋಲಿಸಿ ನೋಡಿ. 28 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಓದು ಕೆಡುತ್ತಿದ್ದರೆ ಉದ್ದವಾದ ತಂತಿ ತುದಿಗಳು ಅಥವಾ ಕೋಣೆಗಳ ನಡುವಿನ ಸೋರಿಕೆ ಕಾರಣ. 1.8 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೆಡುತ್ತಿದ್ದರೆ ಕೋರಿನ ಇಂಡಕ್ಟೆನ್ಸ್ ಸಾಲುತ್ತಿಲ್ಲ ಎಂದರ್ಥ, ಸುತ್ತು ಹೆಚ್ಚಿಸುವ ಮಾತು ಬರುವುದು ಆಗಲೇ. ಆದರೆ ನಿಮ್ಮ ಕೋರಿನಲ್ಲಿ 20 ಸುತ್ತಿಗೆ 200 ಮೈಕ್ರೊಹೆನ್ರಿಗೂ ಮಿಕ್ಕಿ ಬರುತ್ತದೆ, 1.8 ಮೆಗಾಹರ್ಟ್ಸ್‌ನಲ್ಲಿಯೂ ಅದರ ತಡೆ 2,000 ಓಮ್ ದಾಟುತ್ತದೆ. 50 ಓಮಿನ ಲೈನಿಗೆ ಇಷ್ಟು ಧಾರಾಳವಾಗಿ ಸಾಕು.

ಬಳಿಕ ಟ್ರಾನ್ಸ್‌ಮಿಟರ್ ಮತ್ತು ಲೋಡ್ ಜೋಡಿಸಿದ ತುದಿಗಳನ್ನು ಅದಲುಬದಲು ಮಾಡಿ. ಎರಡು ಪೋರ್ಟುಗಳ ಓದುಗಳೂ ಹಾಗೆಯೇ ಅದಲುಬದಲಾಗಬೇಕು. ಒಂದೇ ಪೋರ್ಟಿನಲ್ಲಿ ಈ ಎರಡು ಸಲ ಸಿಕ್ಕ ಓದುಗಳ ಅಂತರವೇ ಡೆಸಿಬೆಲ್‌ನಲ್ಲಿ ನಿಮ್ಮ ಡೈರೆಕ್ಟಿವಿಟಿ. ನ್ಯಾನೊವಿಎನ್‌ಎ (ರೇಡಿಯೊ ಸರ್ಕ್ಯೂಟುಗಳನ್ನು ಅಳೆಯುವ ಚಿಕ್ಕ ಉಪಕರಣ) ಇದ್ದರೆ ಈ ಅಳತೆ ಸುಲಭ, ಆದರೆ ಅಳೆಯದ ಪೋರ್ಟನ್ನು ಖಾಲಿ ಬಿಡದೆ 50 ಓಮಿನಿಂದ ಮುಚ್ಚಿರಬೇಕು. ಡಮ್ಮಿ ಲೋಡನ್ನೂ ಪರೀಕ್ಷಿಸಿ, ಏಕೆಂದರೆ ಅದರದೇ ಎಸ್‌ಡಬ್ಲ್ಯುಆರ್ 1.1 ಇದ್ದರೆ ಕಪ್ಲರ್ ಎಷ್ಟೇ ಉತ್ತಮವಾಗಿದ್ದರೂ ಅಳತೆ 26 ಡೆಸಿಬೆಲ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವವರಿಗೆ ಇದಕ್ಕೆ ವಿರುದ್ಧವಾದ ತೊಂದರೆಯಿದೆ. 5 ವ್ಯಾಟಿಗೆ 20 ಸುತ್ತಿನ ಕಪ್ಲರ್ ಫಾರ್ವರ್ಡ್ ಕಡೆ ಸುಮಾರು 0.8 ವೋಲ್ಟ್ ಮಾತ್ರ ಕೊಡುತ್ತದೆ. ರಿಫ್ಲೆಕ್ಟೆಡ್ ಕಡೆ ಅದರ ಹತ್ತನೆಯ ಒಂದು ಭಾಗ ಬಂದರೆ ಮೀಟರಿಗೆ ಮುನ್ನ ಇರುವ ಡಯೋಡ್ ಅದನ್ನು ಗಮನಿಸುವುದೇ ಇಲ್ಲ, ಮುಳ್ಳು ಸೊನ್ನೆಯಲ್ಲೇ ಕುಳಿತು ಎಲ್ಲವೂ ಸರಿಯಿದೆ ಎಂದು ನಂಬಿಸುತ್ತದೆ. ಅಂಥವರು 10 ಸುತ್ತು ಹಾಕಿ, ಕಡಿಮೆ ವೋಲ್ಟೇಜಿಗೇ ಸ್ಪಂದಿಸುವ 1ಎನ್5711ನಂಥ ಷಾಟ್‌ಕಿ ಡಯೋಡ್ ಬಳಸುವುದು ಸೂಕ್ತ. ನೀವು 100 ವ್ಯಾಟ್ ಬಳಸುವವರಾದರೆ 20 ಸುತ್ತನ್ನೇ ಉಳಿಸಿಕೊಳ್ಳಿ.