ಶಿಶ್ನ ಬಾಗಿದರೆ ಎಣ್ಣೆ ಹಚ್ಚುವ ಮೊದಲು

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಗೋಡೆ ಮೇಲಿನ ಆ ಬರಹಗಳು ಹೊಸದಲ್ಲ. 'ಗುಪ್ತ ರೋಗಕ್ಕೆ ಶಾಶ್ವತ ಪರಿಹಾರ', ಕೆಳಗೊಂದು ಫೋನ್ ನಂಬರ್, ಇಂಥ ದಿನ ಇಂಥ ಲಾಡ್ಜಿನಲ್ಲಿ ಸಿಗುತ್ತೇವೆ ಎಂಬ ಒಂದು ಸಾಲು. ಔಷಧಿ ಕೊಟ್ಟು ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಜಾಹೀರಾತು ಮಾಡುವುದನ್ನು ನಮ್ಮ ದೇಶದ ಕಾನೂನು 1954ರಲ್ಲೇ ನಿಷೇಧಿಸಿದೆ. ಆದರೂ ಗೋಡೆ ಖಾಲಿ ಇಲ್ಲ. ಶಿಶ್ನ ಡೊಂಕಾಗಿದೆ ಅಂತ ಹೆದರಿದ ಗಂಡಸು ಮೊದಲು ಕರೆ ಮಾಡುವುದು ಆ ನಂಬರಿಗೇ. ಈ ತೊಂದರೆಯಲ್ಲಿ ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಅವು ಅಲ್ಲಿ ಕೊಡುವ ಎಣ್ಣೆ ಬಾಟಲಿಯಲ್ಲೇ ಕಳೆದುಹೋಗುತ್ತವೆ. ನನಗೆ ಸಂಕಟ ಆಗುವುದು ಅದಕ್ಕೇ.

ಮೊದಲು ಹುಡುಗರಿಗೆ ಒಂದು ಮಾತು. ನಿಮಿರಿದಾಗ ಶಿಶ್ನ ಸ್ವಲ್ಪ ಎಡಕ್ಕೋ ಬಲಕ್ಕೋ ಮೇಲಕ್ಕೋ ವಾಲುವುದು ತೀರಾ ಸಾಮಾನ್ಯ. ಅಳತೆಗೋಲಿನಂತೆ ನೆಟ್ಟಗಿರಬೇಕು ಅಂತ ಏನೂ ಇಲ್ಲ. ಹಸ್ತಮೈಥುನದಿಂದ ಸೊಟ್ಟಗಾಯಿತು ಅನ್ನುವುದು ಎಣ್ಣೆ ಮಾರುವವರು ಹುಟ್ಟಿಸಿದ ಭಯ. ಕೆಲವರಿಗೆ ಹುಟ್ಟಿನಿಂದಲೇ ಬಾಗು ಜಾಸ್ತಿ ಇರುತ್ತದೆ, ಹೆಚ್ಚಾಗಿ ಕೆಳಮುಖವಾಗಿ. ಅದು ಗೊತ್ತಾಗುವುದು ಮೀಸೆ ಮೂಡುವ ವಯಸ್ಸಿನಲ್ಲಿ. ನೋವಿಲ್ಲ, ಗಂಟಿಲ್ಲ, ವರ್ಷ ಕಳೆದರೂ ಬದಲಾಗುವುದಿಲ್ಲ. ಸಂಭೋಗಕ್ಕೆ ಅಡ್ಡಿಯಾದರೆ ಮಾತ್ರ ಆಪರೇಷನ್, ಇಲ್ಲದಿದ್ದರೆ ಏನೂ ಬೇಡ.

ನಡುವಯಸ್ಸಿನಲ್ಲಿ ಹೊಸದಾಗಿ ಬರುವ ಬಾಗಿನ ಕಥೆ ಬೇರೆ. ಫ್ರಾನ್ಸಿನ ರಾಜ ಹದಿನೈದನೇ ಲೂಯಿಯ ಶಸ್ತ್ರವೈದ್ಯ ಪೆರೋನಿ 1743ರಲ್ಲಿ ಇದನ್ನು ವಿವರಿಸಿದ. ಅವನ ಹೆಸರಿನಲ್ಲೇ ಇದನ್ನು ಪೆರೋನಿ ಕಾಯಿಲೆ ಅನ್ನುತ್ತಾರೆ. ಶಿಶ್ನದ ಒಳಗೆ ಅಕ್ಕಪಕ್ಕದಲ್ಲಿ ಎರಡು ಉದ್ದನೆಯ ಕೊಳವೆಗಳಿವೆ. ಇವುಗಳಲ್ಲಿ ರಕ್ತ ತುಂಬಿದಾಗ ಅಂಗ ನಿಮಿರುತ್ತದೆ. ಎರಡನ್ನೂ ಸುತ್ತಿ ಹಿಡಿದಿರುವುದು ಒಂದು ಗಟ್ಟಿ ಪೊರೆ. ಸಡಿಲವಾಗಿದ್ದಾಗ ಈ ಪೊರೆ ಸುಮಾರು 2 ಮಿಲಿಮೀಟರ್ ದಪ್ಪ. ನಿಮಿರಿದಾಗ ಹಿಗ್ಗಿ ಅರ್ಧ ಮಿಲಿಮೀಟರಿನಷ್ಟು ತೆಳ್ಳಗಾಗುತ್ತದೆ. ಪೂರ್ತಿ ಗಡಸಾಗದೆ ಇರುವಾಗ ಸಂಭೋಗದಲ್ಲಿ ಅಂಗ ಮಡಚಿಕೊಂಡರೆ ಆ ಪೊರೆಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಎಷ್ಟೋ ಸಲ ಅದು ಗೊತ್ತೂ ಆಗುವುದಿಲ್ಲ. ಸಾಮಾನ್ಯವಾಗಿ ಮಾಯುತ್ತದೆ. ಕೆಲವರಲ್ಲಿ ಮಾತ್ರ ಮಾಯುವ ಕೆಲಸ ನಿಲ್ಲುವುದೇ ಇಲ್ಲ. ಗಾಯದ ಕಲೆ ಕಟ್ಟುತ್ತಾ ಹೋಗಿ ಅಲ್ಲಿ ಗಟ್ಟಿ ಗಂಟಾಗುತ್ತದೆ. ಪ್ಯಾಚ್ ಹಾಕಿದ ಸೈಕಲ್ ಟ್ಯೂಬಿಗೆ ಜಾಸ್ತಿ ಗಾಳಿ ಹೊಡೆದು ನೋಡಿ. ಪ್ಯಾಚ್ ಇದ್ದ ಕಡೆ ರಬ್ಬರ್ ಹಿಗ್ಗುವುದಿಲ್ಲ, ಟ್ಯೂಬು ಆ ಕಡೆಗೇ ಬಾಗುತ್ತದೆ. ಇಲ್ಲೂ ಹಾಗೆಯೇ. ಗಂಟು ಮೇಲ್ಭಾಗದಲ್ಲಿದ್ದರೆ ಬಾಗು ಮೇಲಕ್ಕೆ.

ಇದು ಕ್ಯಾನ್ಸರ್ ಅಲ್ಲ. ಅಂಟುರೋಗವೂ ಅಲ್ಲ, ಹೆಂಡತಿಗೆ ಹರಡುವುದಿಲ್ಲ. ಐವತ್ತು ದಾಟಿದವರಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಜಾಸ್ತಿ.

ಸಿಂಧನೂರು ಕಡೆಯ ಭತ್ತ ಬೆಳೆಯುವ ರೈತನೊಬ್ಬ ಅಂತಿಟ್ಟುಕೊಳ್ಳಿ. ವಯಸ್ಸು ಐವತ್ತೆರಡು, ಸಕ್ಕರೆ ಇದೆ. ನಿಮಿರಿದಾಗ ನೋವು ಶುರುವಾಗುತ್ತದೆ, ಒಂದೆರಡು ತಿಂಗಳಲ್ಲಿ ಬಾಗು ಕಾಣುತ್ತದೆ. ಹೆಂಡತಿಗೆ ಹೇಳುವುದಿಲ್ಲ. ಸೆಕೆ ಅಂತ ನೆಪ ಹೇಳಿ ಮಾಳಿಗೆ ಮೇಲೆ ಮಲಗಲು ಶುರು ಮಾಡುತ್ತಾನೆ. ಆಕೆ ತನ್ನಲ್ಲೇ ಏನೋ ತಪ್ಪಿದೆ ಅಂದುಕೊಳ್ಳುತ್ತಾಳೆ. ಈ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಕಾಣುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಆ ಒಂಟಿತನವೂ ಕಾಯಿಲೆಯದೇ ಭಾಗ ಅಂತ ನಾನು ನಂಬುತ್ತೇನೆ.

ಅವನು ಈಗ ಇರುವುದು ಮೊದಲ ಹಂತದಲ್ಲಿ. ಗಂಟು ಇನ್ನೂ ಬೆಳೆಯುತ್ತಿದೆ, ಬಾಗು ಬದಲಾಗುತ್ತಿದೆ. ಈ ಹಂತ 6ರಿಂದ 18 ತಿಂಗಳು ಇರಬಹುದು. ಆಮೇಲೆ ನೋವು ಬಹುತೇಕ ಎಲ್ಲರಿಗೂ ತಾನಾಗಿಯೇ ಹೋಗುತ್ತದೆ. ಎಣ್ಣೆಗೆ ಹೆಸರು ಬರುವುದು ಇಲ್ಲೇ! ಎಂಟು ತಿಂಗಳು ತಿಕ್ಕಿದ, ನೋವು ಹೋಯಿತು, ಔಷಧಿ ಹಿಡಿಯಿತು ಅಂದುಕೊಂಡ. ತಿಕ್ಕದಿದ್ದರೂ ಹೋಗುತ್ತಿತ್ತು. ಆದರೆ ಬಾಗು ಹಾಗಲ್ಲ. ಚಿಕಿತ್ಸೆ ಇಲ್ಲದೆ ಗಮನಿಸಿದವರಲ್ಲಿ ನೂರಕ್ಕೆ ಸುಮಾರು 12 ಜನರಿಗೆ ಮಾತ್ರ ಅದು ಕಡಿಮೆಯಾಯಿತು, 40 ಜನರಿಗೆ ಹಾಗೇ ಉಳಿಯಿತು, 48 ಜನರಿಗೆ ಹೆಚ್ಚಾಯಿತು.

ಹಾಗಾದರೆ ಎಲ್ಲಿಗೆ ಹೋಗಬೇಕು? ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅನ್ನುವ ಸರ್ಕಾರಿ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಯಾವುದಾದರೂ ಸರಿ. ಚೀಟಿ ಮಾಡಿಸುವಾಗ ಕ್ಯೂ ಮುಂದೆ ಎಲ್ಲ ಬಿಡಿಸಿ ಹೇಳಬೇಕಿಲ್ಲ. 'ಮೂತ್ರದ ಜಾಗದ ತೊಂದರೆ ಐತ್ರಿ' ಅಂದರೆ ಸಾಕು, ಸರ್ಜರಿ ವಿಭಾಗಕ್ಕೋ ಯೂರಾಲಜಿಸ್ಟ್, ಅಂದರೆ ಮೂತ್ರಾಂಗದ ತಜ್ಞರ ಹತ್ತಿರವೋ ಕಳಿಸುತ್ತಾರೆ. ಒಳಗೆ ಹೋದ ಮೇಲೆ ಮಾತ್ರ ಸಂಕೋಚ ಬೇಡ. ಮನೆಯಲ್ಲಿ ನಿಮಿರಿದಾಗ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದಿಟ್ಟುಕೊಂಡರೆ ಡಾಕ್ಟರಿಗೆ ಬಹಳ ಅನುಕೂಲ. ಕೆಲವು ಸಲ ಅವರೇ ಒಂದು ಇಂಜೆಕ್ಷನ್ ಕೊಟ್ಟು ಅಂಗ ನಿಮಿರುವಂತೆ ಮಾಡಿ, ಬಾಗು ಎಷ್ಟು ಡಿಗ್ರಿ ಅಂತ ಕೋನಮಾಪಕ ಇಟ್ಟು ಅಳೆಯುತ್ತಾರೆ, ಸ್ಕ್ಯಾನ್ ಮಾಡಿ ರಕ್ತದ ಹರಿವು ನೋಡುತ್ತಾರೆ. 'ಅಂಗೈ ತೋರಿಸಪ್ಪಾ' ಅಂದರೆ ಆಶ್ಚರ್ಯಪಡಬೇಡಿ. ಇದೇ ತರಹದ ಗಟ್ಟಿ ಎಳೆ ಅಂಗೈಯಲ್ಲಿ ಬೆಳೆದು ಬೆರಳು ಮಡಚಿಕೊಳ್ಳುವ ಇನ್ನೊಂದು ಕಾಯಿಲೆ ಇದೆ. ಕೆಲವರಿಗೆ ಎರಡೂ ಇರುತ್ತವೆ.

ಚಿಕಿತ್ಸೆ ಬಗ್ಗೆ ನೇರವಾಗಿ ಹೇಳಬೇಕು. ನೋವಿಗೆ ಮಾತ್ರೆ ಕೆಲಸ ಮಾಡುತ್ತದೆ, ಬಾಗಿಗೆ ಮಾಡುವುದಿಲ್ಲ. ಇದಕ್ಕಾಗಿ ವರ್ಷಾನುಗಟ್ಟಲೆ ಬರೆದುಕೊಟ್ಟ ವಿಟಮಿನ್ ಇ ಮಾತ್ರೆಯನ್ನು ಅಮೆರಿಕದ ಯೂರಾಲಜಿಸ್ಟರ ಸಂಘ 2015ರಲ್ಲೇ ಬೇಡ ಅಂದಿತು. ಅಂಗವನ್ನು ಮೆಲ್ಲಗೆ ಎಳೆದು ಹಿಡಿಯುವ ಸಾಧನದಿಂದ ಕೆಲವರಿಗೆ ಲಾಭ ಇದೆ, ಆದರೆ ಡಾಕ್ಟರು ಹೇಳಿದಂತೆ ತಿಂಗಳುಗಟ್ಟಲೆ ಬಿಡದೆ ಬಳಸಬೇಕು. ಗಂಟಿಗೇ ಕೊಡುವ ಇಂಜೆಕ್ಷನ್‌ಗಳಿವೆ. ಗಂಟಿನಲ್ಲಿರುವ ಕೊಲಾಜೆನ್ ಎಂಬ ಗಟ್ಟಿ ನಾರನ್ನು ಕರಗಿಸುವ ಕೊಲಾಜಿನೇಸ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು, 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಾಗಿದವರಿಗೆ. 800ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಬಾಗು ಸರಾಸರಿ ಶೇ. 34ರಷ್ಟು ಇಳಿಯಿತು. ಔಷಧವೇ ಇಲ್ಲದ ಇಂಜೆಕ್ಷನ್ ಪಡೆದವರಲ್ಲೂ ಶೇ. 18ರಷ್ಟು ಇಳಿದಿತ್ತು. ಎಣ್ಣೆಯ ಪವಾಡಗಳನ್ನು ಕೇಳುವಾಗ ಈ 18 ನೆನಪಿರಲಿ.

ಬಾಗು ನಿಂತು, ಕನಿಷ್ಠ ಮೂರರಿಂದ ಆರು ತಿಂಗಳು ಬದಲಾಗದೆ ಇದ್ದ ಮೇಲೆ ಆಪರೇಷನ್ ಮಾತು. ನೆಸ್ಬಿಟ್ ಎಂಬ ಸರ್ಜನ್ 1965ರಲ್ಲಿ ಹುಟ್ಟಿನಿಂದ ಬಂದ ಬಾಗಿಗೆ ಹೇಳಿಕೊಟ್ಟ ವಿಧಾನವೇ ಇಲ್ಲೂ ಬಳಕೆಗೆ ಬಂತು. ಗಂಟಿನ ಎದುರು ಬದಿಯ ಪೊರೆಯನ್ನು ಕತ್ತರಿಸಿಯೋ ಬರೀ ಮಡಿಸಿಯೋ ಹೊಲಿದು ಎರಡೂ ಬದಿ ಸಮ ಮಾಡುತ್ತಾರೆ. ನೆಟ್ಟಗಾಗುತ್ತದೆ, ಆದರೆ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ. ಬಾಗು ತುಂಬಾ ಇದ್ದರೆ ಗಂಟು ಸೀಳಿ ತೇಪೆ ಹಾಕುತ್ತಾರೆ. ಇದರಲ್ಲಿ ಗಡಸುತನ ಕುಗ್ಗುವ ಅಪಾಯ ಜಾಸ್ತಿ. ಮಾತ್ರೆಗೂ ನಿಮಿರದವರಿಗೆ ಕೃತಕ ಕಡ್ಡಿ ಅಳವಡಿಸುವ ದಾರಿ ಇದೆ. ಯಾವುದು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಡಾಕ್ಟರ ಎದುರು ಕೂತು ಮಾತಾಡಿ ತೀರ್ಮಾನಿಸಬೇಕು. ಬಾಗಿದ್ದರೂ ಸಂಸಾರಕ್ಕೆ ಅಡ್ಡಿಯಿಲ್ಲ, ನೋವಿಲ್ಲ ಅಂದರೆ ಸುಮ್ನೆ ಬಿಡುವುದೂ ಸರಿಯಾದ ತೀರ್ಮಾನವೇ.

ಒಂದು ಸಂದರ್ಭದಲ್ಲಿ ಮಾತ್ರ ಬೆಳಗಿನ ತನಕವೂ ಕಾಯಬಾರದು. ಸಂಭೋಗದ ನಡುವೆ ಟಕ್ ಅಂತ ಸದ್ದಾಗಿ, ಅಂಗ ಕೂಡಲೇ ಸಡಿಲವಾಗಿ, ಊದಿಕೊಂಡು ಕಪ್ಪಗಾದರೆ ಪೊರೆ ಹರಿದಿದೆ ಅಂತ ಅರ್ಥ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಹತ್ತಿರದ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೇಗ ಹೊಲಿಗೆ ಬಿದ್ದರೆ ಬಹುತೇಕರು ಪೂರ್ತಿ ಸುಧಾರಿಸುತ್ತಾರೆ. ನಾಚಿಕೆಯಿಂದ ಮನೆಯಲ್ಲೇ ಉಳಿದರೆ, ಮುಂದೆ ಅದೇ ಜಾಗದಲ್ಲಿ ಗಂಟು ಕಟ್ಟಿ ಬಾಗು ಬರುವ ಸಾಧ್ಯತೆ ಹೆಚ್ಚು.